ಬೇರೆ ತಂಡದಿಂದ ಡಿಎನ್‌ಎ ತರಿಸಿಕೊಳ್ಳುವ ಮುಂಚೆ ಏನೇನು ಮಾತಾಡಿಕೊಳ್ಳಬೇಕು?

ಪ್ರಶ್ನೆ: ಐಜೆಮ್ ಸ್ಪರ್ಧೆಗೆ (ಸಿಂಥೆಟಿಕ್ ಬಯಾಲಜಿಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಸ್ಪರ್ಧೆ) ಇದೇ ಮೊದಲ ಸಲ ತಂಡ ಕಟ್ಟಿದ್ದೇವೆ. ಎಲ್ಲರೂ ಬಿಎಸ್ಸಿ, ಬಿಇ ವಿದ್ಯಾರ್ಥಿಗಳು. ಇನ್ನೊಂದು ರಾಜ್ಯದ ತಂಡ ತಾವು ಮಾಡಿದ ಪ್ರಮೋಟರ್ (ಜೀನ್ ಅನ್ನು ಚಾಲೂ ಮಾಡುವ ಡಿಎನ್‌ಎ ತುಣುಕು) ಕಳಿಸುತ್ತದಂತೆ. ನಾವು ಅದನ್ನು ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನ್) ಮುಂದೆ ಜೋಡಿಸಿ, ಎಷ್ಟು ಬಲವಾಗಿದೆ ಅಂತ ಅಳೆದು ಕೊಡಬೇಕು. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1: ಟ್ಯೂಬ್ ಬರುವ ಮುಂಚೆ ಸೀಕ್ವೆನ್ಸ್ ಫೈಲ್ (ಡಿಎನ್‌ಎ ಅಕ್ಷರಗಳ ಸಾಲು) ತರಿಸಿಕೊಳ್ಳಿ. ಬರೀ ಪ್ರಮೋಟರಿನದಲ್ಲ, ಅದನ್ನು ಹೊತ್ತ ಇಡೀ ಪ್ಲಾಸ್ಮಿಡ್‌ನದು (ಉಂಗುರದಂಥ ಡಿಎನ್‌ಎ). ಯಾವ ಆಂಟಿಬಯೋಟಿಕ್‌ ಹಾಕಿ, ಯಾವ ಸ್ಟ್ರೇನ್‌ನಲ್ಲಿ (ಬ್ಯಾಕ್ಟೀರಿಯಾ ತಳಿಯಲ್ಲಿ) ಬೆಳೆಸಿದ್ದು ಅನ್ನುವುದೂ ಬೇಕು. ಬಯೋಬ್ರಿಕ್ ವಿಧಾನದಲ್ಲಿ (ಕಿಣ್ವಗಳಿಂದ ಕತ್ತರಿಸಿ ಅಂಟಿಸುವ ಒಂದು ಕ್ರಮ) ಜೋಡಿಸುವುದಾದರೆ ಒಳಗೆಲ್ಲೂ ಇಕೋಆರ್-ಒನ್, ಎಕ್ಸ್‌ಬಾ-ಒನ್, ಸ್ಪೀ-ಒನ್, ಪಿಎಸ್‌ಟಿ-ಒನ್ ಎಂಬ ಕಿಣ್ವಗಳು ಕತ್ತರಿಸುವ ಜಾಗ ಇರಬಾರದು. ಜೋಡಿಸುವ ಇನ್ನೊಂದು ಕ್ರಮವಾದ ಟೈಪ್ ಟೂಎಸ್ ವಿಧಾನವಾದರೆ ಬಿಎಸ್‌ಎ-ಒನ್, ಸ್ಯಾಪ್-ಒನ್ ಜಾಗ ನೋಡಿ. ಇದು ಕಂಪ್ಯೂಟರಿನಲ್ಲಿ ಹತ್ತು ನಿಮಿಷದ ಕೆಲಸ. ಬೆಂಚ್ ಮೇಲೆ ಗೊತ್ತಾದರೆ ವಾರಗಟ್ಟಲೆ ಹೋಗುತ್ತದೆ.

ಡಿಎನ್‌ಎ ಬಂದ ಮೇಲೆ ಮೊದಲು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಮಿನಿಪ್ರೆಪ್ ಮಾಡಿ (ಪ್ಲಾಸ್ಮಿಡ್ ಬೇರ್ಪಡಿಸಿ), ಸೀಕ್ವೆನ್ಸಿಂಗ್‌ಗೆ ಕಳಿಸಿ. ಒಂದು ಗ್ಲಿಸರಾಲ್ ಸ್ಟಾಕ್ (ಫ್ರೀಜರಿನಲ್ಲಿ ಉಳಿಸುವ ಬ್ಯಾಕ್ಟೀರಿಯಾ) ಎತ್ತಿಡಿ. ನಮಗೆ ಬಂದಿದ್ದ ಒಂದು ಟ್ಯೂಬಿನ ಮೇಲೆ ಹೆಸರು ಸರಿಯಾಗಿತ್ತು, ಒಳಗಿದ್ದದ್ದೇ ಬೇರೆ. ಸೀಕ್ವೆನ್ಸ್ ಮಾಡಿಸಿದ್ದಕ್ಕೇ ಗೊತ್ತಾಯಿತು.

ಉತ್ತರ 2: ಜೀವಂತ ಬ್ಯಾಕ್ಟೀರಿಯಾ ಬೇಡ, ಡಿಎನ್‌ಎ ಮಾತ್ರ ತರಿಸಿ. ಸ್ವಚ್ಛವಾದ ಫಿಲ್ಟರ್ ಪೇಪರ್ ಮೇಲೆ ಪ್ಲಾಸ್ಮಿಡ್ ಹನಿ ಹಾಕಿ, ಒಣಗಿಸಿ, ಸುತ್ತ ಪೆನ್ಸಿಲ್‌ನಿಂದ ಗುರುತು ಮಾಡಿ ಲಕೋಟೆಯಲ್ಲಿ ಕಳಿಸಬಹುದು. ಆ ಚೂರನ್ನು ಕತ್ತರಿಸಿ ಸ್ವಲ್ಪ ನೀರಿನಲ್ಲಿ ನೆನೆಸಿದರೆ ಟ್ರಾನ್ಸ್‌ಫಾರ್ಮ್ ಮಾಡುವಷ್ಟು (ಬ್ಯಾಕ್ಟೀರಿಯಾಕ್ಕೆ ಸೇರಿಸುವಷ್ಟು) ಸಿಗುತ್ತದೆ. ಐಸ್ ಕರಗುವ ಚಿಂತೆಯೇ ಇಲ್ಲ. ಆದರೆ ಏನೇ ಬರಲಿ, ನಿಮ್ಮ ಕಾಲೇಜಿನ ಜೈವಿಕ ಸುರಕ್ಷತಾ ಸಮಿತಿಗೆ ಮೊದಲೇ ತಿಳಿಸಿ.

ಉತ್ತರ 3: ಆ ಪ್ಲಾಸ್ಮಿಡ್ ಅವರ ಕೈಗೆ ಎಲ್ಲಿಂದ ಬಂತು ಅಂತಲೂ ಕೇಳಿ. ಆಡ್‌ಜೀನ್‌ನಂಥ ಪ್ಲಾಸ್ಮಿಡ್ ಭಂಡಾರದಿಂದ ಒಪ್ಪಂದಕ್ಕೆ ಸಹಿ ಹಾಕಿ ತಂದದ್ದಾದರೆ, ಸಾಮಾನ್ಯವಾಗಿ ಅದನ್ನು ಹಾಗೇ ಮೂರನೆಯವರಿಗೆ ದಾಟಿಸುವಂತಿಲ್ಲ. ನೀವೇ ನೇರವಾಗಿ ತರಿಸಿಕೊಳ್ಳಿ.

ಉತ್ತರ 4: ಅಳತೆ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಹೊಳಪು ಅಳೆಯುವ ನಿಮ್ಮ ಪ್ಲೇಟ್ ರೀಡರಿನ 5000, ಅವರ ರೀಡರಿನ 5000 ಒಂದೇ ಅಲ್ಲ, ಅಲ್ವಾ? ಅದಕ್ಕೇ ಇಬ್ಬರೂ ಫ್ಲೋರೆಸಿನ್ ಎಂಬ ಹೊಳೆಯುವ ಬಣ್ಣದ ದ್ರಾವಣವನ್ನು ಹಂತಹಂತವಾಗಿ ತೆಳು ಮಾಡಿ ಕ್ಯಾಲಿಬ್ರೇಟ್ ಮಾಡಿಕೊಳ್ಳಿ. ಓಡಿಗೆ (ಆಪ್ಟಿಕಲ್ ಡೆನ್ಸಿಟಿ, ಅಂದರೆ ದ್ರಾವಣ ಎಷ್ಟು ಮಬ್ಬಾಗಿದೆ ಅನ್ನುವ ಅಳತೆ) ಸಿಲಿಕಾ ಕಣ ಬಳಸಿ. ಐಜೆಮ್‌ನ 2018ರ ಇಂಟರ್‌ಲ್ಯಾಬ್ ಅಧ್ಯಯನದಲ್ಲಿ 244 ಪ್ರಯೋಗಾಲಯಗಳು ಓಡಿಯಿಂದ ಜೀವಕೋಶ ಎಣಿಸುವ ವಿಧಾನಗಳನ್ನು ಹೋಲಿಸಿದವು. ಚೆನ್ನಾಗಿ ನಿಂತದ್ದು ಈ ಕಣಗಳ ವಿಧಾನವೇ.

ಪಕ್ಕದಲ್ಲಿ ಹೋಲಿಕೆಗೆ ಬಳಸುವ ಜೆ23101 ಪ್ರಮೋಟರನ್ನೂ ಇಟ್ಟು ಅಳೆಯಿರಿ. ಎರಡಕ್ಕೂ ಆರ್‌ಬಿಎಸ್ (ಪ್ರೋಟೀನ್ ತಯಾರಿಕೆ ಶುರುವಾಗಲು ರೈಬೋಸೋಮ್ ಅಂಟುವ ಜಾಗ), ಜಿಎಫ್‌ಪಿ, ಪ್ಲಾಸ್ಮಿಡ್ ಒಂದೇ ಇರಲಿ. ಆರ್‌ಬಿಎಸ್ ಬದಲಾದರೆ ವ್ಯತ್ಯಾಸ ಪ್ರಮೋಟರಿನದೋ ಅದರದೋ ಹೇಳಲಾಗುವುದಿಲ್ಲ.

ಉತ್ತರ 5: ಪ್ರಮೋಟರ್ ಕೆಲಸ ಮಾಡದಿದ್ದರೂ ಫಲಿತಾಂಶ ಪ್ರಕಟಿಸುತ್ತೇವೆ ಅಂತ ಈಗಲೇ ಬರೆದಿಟ್ಟುಕೊಳ್ಳಿ. ಯಾರ ಕೆಲಸ ಯಾವುದು, ಕಚ್ಚಾ ಡೇಟಾ ಯಾವ ದಿನ ಕೊಡಬೇಕು ಅನ್ನುವುದೂ ಅದರಲ್ಲಿರಲಿ. ವಿಕಿ (ಸ್ಪರ್ಧೆಗೆ ತಂಡ ಮಾಡುವ ಜಾಲತಾಣ) ಮುಚ್ಚುವ ವಾರದಲ್ಲಿ ಯಾರೂ ಫೋನ್ ಎತ್ತುವುದಿಲ್ಲ.