ಅಪ್‌ಡೇಟ್: ಅಮ್ಮ ಪದೇ ಪದೇ ಬೀಳುತ್ತಿದ್ದುದಕ್ಕೆ ಕಾರಣ ಸಿಕ್ಕಿತು
78 ವರ್ಷದ ಅಮ್ಮ ಮೇಲಿಂದ ಮೇಲೆ ಬೀಳುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೆ. ‘ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ’ ಎಂದವರಿಗೆ ಕೈಮುಗಿಯುತ್ತೇನೆ. ಫಲ ಕೊಟ್ಟಿದ್ದು ಅದೇ. ವೈದ್ಯರು ಅಮ್ಮನನ್ನು ಮಲಗಿಸಿ ರಕ್ತದೊತ್ತಡ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು: ಮೇಲಿನ ಅಂಕಿ 138 ಇದ್ದದ್ದು 112ಕ್ಕೆ ಇಳಿದಿತ್ತು. 20 ಇಳಿದರೂ ಎಚ್ಚರ ಬೇಕಂತೆ. ಆಮೇಲೆ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ಮರಳಿ ಕೂರುವ ಪರೀಕ್ಷೆ. 12 ಸೆಕೆಂಡ್ ಹಿಡಿದರೇ ಅಪಾಯದ ಸೂಚನೆ. ಅಮ್ಮನಿಗೆ 17 ಬೇಕಾಯಿತು, ಕುರ್ಚಿಯ ಹಿಡಿ ಬಿಡಲು ಬೆರಳುಗಳೇ ಒಪ್ಪಲಿಲ್ಲ.

ಬೀಳುವುದಕ್ಕೆ ಮಾತ್ರೆಗಳೂ ಕಾರಣವಂತೆ. ಈಗ ರಕ್ತದೊತ್ತಡದ ಮಾತ್ರೆಯ ಪ್ರಮಾಣ ತಗ್ಗಿಸಿದ್ದಾರೆ, ನಿದ್ದೆ ಮಾತ್ರೆಯನ್ನು ಹಂತಹಂತವಾಗಿ ಬಿಡಿಸುತ್ತಿದ್ದಾರೆ, ಜೊತೆಗೆ ಸಮತೋಲನದ ವ್ಯಾಯಾಮ. ಮೂರು ವಾರದಿಂದ ಬಿದ್ದಿಲ್ಲ. ಅಳತೆ ನೋಡದೆ ನಾನೇ ತಂದ ಊರುಗೋಲು ಮಾತ್ರ ತೊಡಕೇ ಆಯಿತು. ವೈದ್ಯರು ಕೇಳಿದಾಗಲೇ ತಿಳಿದದ್ದು: ಅಮ್ಮ ಅದಕ್ಕೂ ಮೊದಲು ಇನ್ನೂ ಎರಡು ಸಲ ಬಿದ್ದಿದ್ದರು, ನಮಗೆ ಹೇಳಿರಲಿಲ್ಲ.