ಸುರುಳಿಯ ಚೀಟಿಯೋ, ಹಾಳೆಯಿಂದ ಕತ್ತರಿಸಿದ್ದೋ? ಷಿಕಾಗೋ ಪ್ರಿಕ್ಯಾನ್ಸಲ್ ಬಗ್ಗೆ ಸಂದೇಹ

ಪ್ರಶ್ನೆ:
ಹಿರಿಯ ಸಂಗ್ರಾಹಕರಿಗೆ ನಮಸ್ಕಾರ. ಹಳೆಯ ಅಮೆರಿಕನ್ ಅಂಚೆಚೀಟಿಗಳ ಒಂದು ಪೊಟ್ಟಣದಲ್ಲಿ 1922ರ ಸರಣಿಗೆ ಸೇರಿದ 1 ಸೆಂಟಿನ ಹಸಿರು ಫ್ರಾಂಕ್ಲಿನ್ ಚೀಟಿಯೊಂದು ನನಗೆ ಸಿಕ್ಕಿದೆ. ಎರಡು ಅಡ್ಡಗೆರೆಗಳ ನಡುವೆ ಷಿಕಾಗೋ, ಇಲಿನಾಯ್ ಎಂದು ಕಪ್ಪು ಅಕ್ಷರಗಳಲ್ಲಿ ಪ್ರಿಕ್ಯಾನ್ಸಲ್ (ಬಳಸುವ ಮೊದಲೇ ಹಾಕಿದ ರದ್ದತಿ ಮುದ್ರೆ) ಅಚ್ಚಾಗಿದೆ. ಮೇಲೆ ಕೆಳಗೆ ಹಲ್ಲುಗಳಿಲ್ಲ. ಎಡಬಲದ ಹಲ್ಲುಗಳು ಗೇಜಿನಲ್ಲಿ (ಎರಡು ಸೆಂ.ಮೀ.ಗೆ ಎಷ್ಟು ಹಲ್ಲು ಎಂದು ಅಳೆಯುವ ಪಟ್ಟಿಯಲ್ಲಿ) 10ಕ್ಕೆ ಸರಿಯಾಗಿ ಕೂರುತ್ತವೆ. ನಾಣ್ಯ ಹಾಕಿದರೆ ಚೀಟಿ ಕೊಡುವ ಯಂತ್ರದಿಂದ ಬಂದದ್ದು ಎಂದು ಮಾರಿದವರು ಹೇಳಿದರು. ಆದರೆ ಕೆಳಗಿನ ಅಂಚು ಬಲಕ್ಕೆ ಹೋದಂತೆ ಕೊಂಚ ಇಳಿದಿದೆ. ಇದನ್ನು ಕಾಯಿಲ್, ಅಂದರೆ ಸುರುಳಿಯ ಚೀಟಿ ಎಂದು ನಂಬಬಹುದೇ?

ಉತ್ತರ:
ಮೊದಲು ಯಂತ್ರದ ವಿಷಯ. ಪ್ರಿಕ್ಯಾನ್ಸಲ್ ಚೀಟಿಗಳನ್ನು ಬಳಸಲು ಅಂಚೆ ಇಲಾಖೆಯ ಪರವಾನಗಿ ಬೇಕಿತ್ತು. ಸಾವಿರಾರು ಲಕೋಟೆಗಳನ್ನು ಒಟ್ಟಿಗೆ ಕಳುಹಿಸುವ ವ್ಯಾಪಾರಿಗಳಿಗೆ, ಮುದ್ರೆ ಹೊಡೆಯುವ ಕೆಲಸ ಉಳಿಯಲೆಂದು, ಅವನ್ನು ಮೊದಲೇ ರದ್ದುಗೊಳಿಸಿ ಕೊಡಲಾಗುತ್ತಿತ್ತು. ಆದ್ದರಿಂದ ಇಂಥ ಸುರುಳಿಗಳು ದಾರಿಹೋಕರಿಗೆ ಚೀಟಿ ಮಾರುವ ಪೆಟ್ಟಿಗೆಗಿಂತ, ಕಚೇರಿಗಳಲ್ಲಿ ಲಕೋಟೆಗೆ ಚೀಟಿ ಅಂಟಿಸುವ ಯಂತ್ರಕ್ಕೇ ಹೆಚ್ಚಾಗಿ ಹೋಗುತ್ತಿದ್ದವು. ಮಾರಿದವರ ಮಾತನ್ನು ಅಷ್ಟರಮಟ್ಟಿಗೆ ಬದಿಗಿಡಿ.

ಇನ್ನು ಗೇಜಿನಲ್ಲಿ 10 ಬಂದ ಮಾತ್ರಕ್ಕೆ ಸಮಾಧಾನಪಡುವಂತಿಲ್ಲ. 1926ರ ನಂತರದ ರೋಟರಿ ಹಾಳೆಯ (ತಿರುಗುವ ಉರುಳೆಯ ಯಂತ್ರದಲ್ಲಿ ಅಚ್ಚಾದ ಹಾಳೆಯ) ಚೀಟಿಯಾಗಿದ್ದರೆ ಬದಿಯ ಹಲ್ಲು 10½ ತೋರಿಸಿ ಗುಟ್ಟು ಹೊರಬೀಳುತ್ತಿತ್ತು. ಆದರೆ 1923ರಿಂದ ಕೆಲವು ವರ್ಷ ರೋಟರಿ ಹಾಳೆಗಳಿಗೂ ನಾಲ್ಕೂ ಬದಿಗೆ 10ರ ಹಲ್ಲನ್ನೇ ಹಾಕುತ್ತಿದ್ದರು. ವಾಷಿಂಗ್ಟನ್ನಿನ ಮುದ್ರಣ ಬ್ಯೂರೋ ಊರಿನ ಹೆಸರನ್ನು ತಾನೇ ಅಚ್ಚು ಹಾಕುವುದನ್ನು ನಿಯಮಿತವಾಗಿ ಆರಂಭಿಸಿದ್ದೂ 1923ರಲ್ಲೇ. ಹೀಗಾಗಿ 10ರ ಹಲ್ಲಿನ ಪ್ರಿಕ್ಯಾನ್ಸಲ್ ಹಾಳೆಯ ಚೀಟಿಗಳು ಧಾರಾಳವಾಗಿವೆ. ಅವುಗಳ ಮೇಲಿನ ಕೆಳಗಿನ ಹಲ್ಲನ್ನು ಕತ್ತರಿಸಿಬಿಟ್ಟರೆ ಗೇಜು ನಮ್ಮನ್ನು ಕಾಯುವುದಿಲ್ಲ.

ಇಲ್ಲಿ ನೆರವಿಗೆ ಬರುವುದು ಚಿತ್ರದ ಅಳತೆ. ಕಾಗದವನ್ನು ಬಿಟ್ಟು, ಹಸಿರು ಚೌಕಟ್ಟಿನ ಹೊರಗೆರೆಯಿಂದ ಹೊರಗೆರೆಗೆ ಅಳೆಯಿರಿ. ರೋಟರಿ ಯಂತ್ರದ ಉರುಳೆಗೆ ಹೊಂದುವಂತೆ ಮುದ್ರಣ ಫಲಕವನ್ನು ಬಾಗಿಸಿದಾಗ, ಬಾಗಿದ ದಿಕ್ಕಿನಲ್ಲಿ ಚಿತ್ರ ತುಸು ಹಿಗ್ಗುತ್ತದೆ. ಅಡ್ಡಸಾಲಿನ ಕಾಯಿಲ್‌ನಲ್ಲಿ ಹಿಗ್ಗುವುದು ಅಗಲ, ಹಾಳೆಯಲ್ಲಿ ಎತ್ತರ. ಕಾಯಿಲ್ ಆದರೆ ಸುಮಾರು 19¾ × 22¼ ಮಿ.ಮೀ., ಹಾಳೆಯದಾದರೆ ಸುಮಾರು 19¼ × 22½ ಮಿ.ಮೀ. ಬರಬೇಕು. ಕಣ್ಣಳತೆಗೆ ಇದು ಸಿಗದು. ಅಸಲಿ ಕಾಯಿಲ್ ಎಂದು ಖಚಿತವಾದ ಒಂದು ಅಗ್ಗದ ಚೀಟಿಯನ್ನು ಪಕ್ಕದಲ್ಲಿಟ್ಟು, ಎಡಗೆರೆಗಳನ್ನು ಒಂದೇ ನೇರಕ್ಕೆ ತಂದು, ಬಲಗೆರೆ ಎಲ್ಲಿ ಮುಗಿಯುತ್ತದೆಂದು ಲೆನ್ಸಿನಲ್ಲಿ ನೋಡುವುದು ನಾನು ಕಂಡ ಉತ್ತಮ ಉಪಾಯ.

ಪ್ರಶ್ನೆ:
ತಾವು ಹೇಳಿದಂತೆಯೇ ಮಾಡಿದೆ. ನನ್ನ ಚೀಟಿಯ ಬಲಗೆರೆ ಅಸಲಿ ಕಾಯಿಲ್‌ನ ಗೆರೆಗಿಂತ ಸ್ಪಷ್ಟವಾಗಿ ಒಳಗೆ ನಿಂತಿದೆ, ಎತ್ತರ ಮಾತ್ರ ಕೂದಲೆಳೆಯಷ್ಟು ಹೆಚ್ಚು. ಕೆಳಗಿನ ಅಂಚಿನ ಒಂದೆಡೆ ಹಲ್ಲಿನ ತೂತಿನ ಅರ್ಧಚಂದ್ರಾಕಾರದ ತಳವೂ ಮಸುಕಾಗಿ ಉಳಿದಿದೆ. ಇಷ್ಟಾದ ಮೇಲೆ ಇದನ್ನು ಆಲ್ಬಮ್ಮಿನಲ್ಲಿ ಇಡುವುದು ಸರಿಯೇ?

ಉತ್ತರ:
ಹಾಗಿದ್ದರೆ ಅದು ಹಾಳೆಯ ಚೀಟಿಯೇ; ಆ ಅರ್ಧಚಂದ್ರ ಉಳಿದ ಸಂಶಯವನ್ನೂ ಕಳೆಯಿತು. ಎಸೆಯಬೇಡಿ. “ಕತ್ತರಿಸಿದ್ದು, ಕಾಯಿಲ್ ಅಲ್ಲ” ಎಂದು ಪೆನ್ಸಿಲ್ಲಿನಲ್ಲಿ ಬರೆದ ಕಾಗದದ ತುಂಡಿನೊಡನೆ, ಹೋಲಿಕೆಯ ಮಾದರಿಯಾಗಿ ಇಟ್ಟುಕೊಳ್ಳಿ. ಇದೇ ಹಸಿರು ಫ್ರಾಂಕ್ಲಿನ್‌ನಲ್ಲಿ, ಇದೇ 19¼ × 22½ ಅಳತೆಯ ಚಿತ್ರಕ್ಕೆ ನಾಲ್ಕೂ ಬದಿ 11ರ ಹಲ್ಲಿರುವ ಒಂದು ಬಗೆಯಿದೆ. ಉಳಿಕೆ ಹಾಳೆಗಳಿಂದ ತಯಾರಾದ ಅದು ಅಮೆರಿಕದ ಅತಿ ವಿರಳ ಚೀಟಿಗಳಲ್ಲಿ ಒಂದು, ಮತ್ತು ತಿಳಿದಿರುವ ಪ್ರತಿಗಳಲ್ಲಿ ಹೆಚ್ಚಿನವು ಕ್ಯಾನ್ಸಸ್ ಸಿಟಿಯ ಪ್ರಿಕ್ಯಾನ್ಸಲ್ ಹೊತ್ತಿವೆ. ಪೊಟ್ಟಣದಲ್ಲಿ ಉಳಿದ ಹಸಿರು ಚೀಟಿಗಳನ್ನೂ ಗೇಜಿಗೆ ಹಚ್ಚಿ, ಚೌಕಟ್ಟನ್ನು ಅಳೆದು ನೋಡಿ.