ಅಕ್ಕನಿಗೆ ಪಲ್ಮನರಿ ಹೈಪರ್‌ಟೆನ್ಷನ್, ನಾನೂ ಜೀನ್ ಟೆಸ್ಟ್ ಮಾಡಿಸಬೇಕಾ?

ಬನಶಂಕರಿ ತಂಗಿ:
ನಮಸ್ಕಾರ. ನನ್ನ ಅಕ್ಕನಿಗೆ 36 ವರ್ಷ. ಮೆಟ್ರೊ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ನಿಂತು ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದಳು. ಹುಡುಕೋಕೆ ಏನೂ ಇರಲಿಲ್ಲ, ಸುಮ್ನೆ ಉಸಿರು ಸುಧಾರಿಸಿಕೊಳ್ಳುತ್ತಿದ್ದಳು ಅಂತ ಈಗ ಗೊತ್ತಾಗಿದೆ. ಒಂದು ಕ್ಲಿನಿಕ್‌ನಲ್ಲಿ ಆಸ್ತಮಾ ಅಂತ ಎಂಟು ತಿಂಗಳು ಇನ್‌ಹೇಲರ್ ಕೊಟ್ಟರು. ಕಡೆಗೆ ಎಕೋ (ಹಾರ್ಟ್ ಸ್ಕ್ಯಾನ್) ಆಯಿತು, ಕ್ಯಾತಿಟರ್ ಅನ್ನೋ ಸಣ್ಣ ಕೊಳವೆ ಹಾಕಿ ನೋಡಿದರು. ಶ್ವಾಸಕೋಶದ ರಕ್ತನಾಳದ ಸರಾಸರಿ ಪ್ರೆಷರ್ 58. ಅದು 20 ದಾಟಬಾರದಂತೆ, ದಾಟಿದರೆ ಅದೇ ಪಲ್ಮನರಿ ಹೈಪರ್‌ಟೆನ್ಷನ್.

ನಮ್ಮ ಅಮ್ಮನ ತಂಗಿ ಬಾಣಂತಿಯಾಗಿದ್ದಾಗಲೇ ಹೋಗಿಬಿಟ್ಟರು, 31ಕ್ಕೆ. ‘ಹಾರ್ಟ್ ವೀಕ್’ ಅಂದಿದ್ದರು, ಅಷ್ಟೇ. ಇದು ವಂಶದಲ್ಲೇ ಇರಬಹುದು, ಅಕ್ಕನಿಗೆ ಜೀನ್ ಟೆಸ್ಟ್ ಮಾಡಿಸಿ ಅಂತ ಈಗ ಡಾಕ್ಟರ್ ಅನ್ನುತ್ತಿದ್ದಾರೆ. ಅಮ್ಮ ಆರಾಮಾಗಿದ್ದಾರೆ, ನಾನೂ ಅಷ್ಟೇ. ಆದರೆ ನನಗೆ ಆರು ವರ್ಷದ ಮಗಳಿದ್ದಾಳೆ. ಈಗಲೇ ಮಾಡಿಸಿಬಿಡಲಾ?

ಹನುಮಂತನಗರದವನು:
ಮೊದಲು ಅಕ್ಕನದು ಆಗಲಿ ತಂಗಿ. ನಮ್ಮ ಮನೆಯಲ್ಲಿ ಅಮ್ಮನಿಗೆ ಬಂದಾಗ ನಾನೂ ಗಾಬರಿಯಲ್ಲಿ ಓಡಿದ್ದೆ, ಕೌನ್ಸೆಲರ್ ವಾಪಸ್ ಕಳಿಸಿದರು. ಅವರು ಹೇಳಿದ್ದು ಸರಿ. ಅಕ್ಕನಲ್ಲಿ ಯಾವ ಜೀನ್ ಕೆಟ್ಟಿದೆ ಅಂತ ಗೊತ್ತಾಗದೆ ನಿಮ್ಮ ರಿಪೋರ್ಟ್ ‘ಇಲ್ಲ’ ಅಂದರೂ ಅದಕ್ಕೆ ಬೆಲೆಯಿಲ್ಲ. ಗೊತ್ತಾದರೆ ನಿಮ್ಮಲ್ಲಿ ಅದೊಂದನ್ನೇ ನೋಡುತ್ತಾರೆ. ಆಗ ‘ಇಲ್ಲ’ ಅಂದರೆ ನಿಜವಾಗಿ ಇಲ್ಲ, ನಿಮ್ಮಿಂದ ಮಗಳಿಗೂ ಬರುವುದಿಲ್ಲ.

ಹೆಚ್ಚಾಗಿ ಕೆಟ್ಟಿರುವುದು ಬಿಎಂಪಿಆರ್2 ಅನ್ನೋ ಜೀನ್. ಅದು ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಕೆಟ್ಟ ಜೀನ್ ಇದ್ದವರಿಗೆಲ್ಲ ಕಾಯಿಲೆ ಬರಲ್ಲ. ಹೆಂಗಸರಲ್ಲಿ ಸುಮಾರು 42%, ಗಂಡಸರಲ್ಲಿ 14% ಜನಕ್ಕೆ ಬರುತ್ತದೆ. ನಿಮ್ಮಮ್ಮ ಆರಾಮಾಗಿದ್ದೂ ಜೀನ್ ಹೊತ್ತಿರಬಹುದು, ಅಲ್ವಾ? ನಾನೂ ಹಾಗೆಯೇ. ವರ್ಷಕ್ಕೊಮ್ಮೆ ಇಸಿಜಿ, ಎಕೋ ಮಾಡಿಸುತ್ತೇನೆ. ಎಕೋ ಟೇಬಲ್ ಮೇಲೆ ಎಡಮಗ್ಗುಲಾಗಿ ಮಲಗಿ, ಡಾಕ್ಟರ್ ಮುಖವನ್ನೇ ನೋಡುತ್ತಾ ಇರುತ್ತೇನೆ. ಆ ಹತ್ತು ನಿಮಿಷ ಕಷ್ಟ. ಗೊತ್ತಿಲ್ಲದೆ ಇರೋದು ಇನ್ನೂ ಕಷ್ಟ.

ಬಯಾಲಜಿ ಟೀಚರ್:
ಒಂದು ಮಾತು ಸೇರಿಸುತ್ತೇನೆ. ಈ ಜೀನ್ ರಕ್ತನಾಳದ ಗೋಡೆ ಸಿಕ್ಕಾಪಟ್ಟೆ ಬೆಳೆಯದಂತೆ ಬ್ರೇಕ್ ಹಾಕುತ್ತದೆ. ಬ್ರೇಕ್ ಸಡಿಲವಾದರೆ ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ. 2000ದಲ್ಲಿ ಈ ಜೀನ್ ಪತ್ತೆಯಾಗಿದ್ದರಿಂದಲೇ ಇದು ತಿಳಿಯಿತು. ಬ್ರೇಕ್ ಮತ್ತೆ ಸಮ ಮಾಡಲು ನೋಡುವ ಸೊಟಾಟರ್ಸೆಪ್ಟ್ ಇಂಜೆಕ್ಷನ್‌ಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಕ್ಕನ ಡಾಕ್ಟರ್ ಹತ್ತಿರ ಕೇಳಿ ನೋಡಿ.

ಬನಶಂಕರಿ ತಂಗಿ:
ತುಂಬಾ ಥ್ಯಾಂಕ್ಸ್. ಬುಧವಾರ ಅಕ್ಕನ ರಕ್ತ ಕೊಡುತ್ತೇವೆ. ಚಿಕ್ಕಮ್ಮನ ಆ ಮಗುವಿಗೆ ಈಗ 22. ಅವನಮ್ಮ ಯಾಕೆ ಹೋದರು ಅಂತ ಅವನಿಗೆ ಯಾರೂ ಸರಿಯಾಗಿ ಹೇಳಿಲ್ಲ. ರಾತ್ರಿ ಫೋನ್ ಮಾಡುತ್ತೇನೆ.